ಐವತ್ತಕ್ಕೆ ಎಷ್ಟು ಒಲವು

ಕೆಲವರನ್ನು ಅವರ ಕೆಲಸವೇ ಕೈಬೀಸಿ ಕರೆಯುತ್ತದಂತೆ. ನನ್ನನ್ನು ಕರೆದದ್ದು ನಮ್ಮಪ್ಪ, ಅದೂ ಬೈಯಲು. ಸಿಂಧನೂರಿನ ನಮ್ಮ ಬಟ್ಟೆ ಅಂಗಡಿಯಲ್ಲಿ ನಾನು ಅಳೆದು ಹರಿದುಕೊಟ್ಟ ಅಂಗಿ ಬಟ್ಟೆಗೆ ಯಾವಾಗಲೂ ಒಂದು ತೋಳು ಸಾಲುತ್ತಿರಲಿಲ್ಲ. "ನೀ ಮಾಸ್ತರ ಆಗು, ಅಲ್ಲಿ ಅಳಿಯೋ ಕೆಲಸ ಇರಂಗಿಲ್ಲ" ಎಂದು ಅಪ್ಪ ನನ್ನನ್ನು ಮಸ್ಕಿಗೆ ಅಟ್ಟಿದರು. ನಿಜಾಮರ ಆಳ್ವಿಕೆ ಮುಗಿದು ಶಾಲೆಗಳು ಉರ್ದುವಿನಿಂದ ಕನ್ನಡಕ್ಕೆ ಹೊರಳುತ್ತಿದ್ದ ಕಾಲ. ಕಾಗುಣಿತ ಬಂದರೆ ಸಾಕು, ಹಿಡಿದು ಕುರ್ಚಿಯಲ್ಲಿ ಕೂರಿಸುತ್ತಿದ್ದರು.

ಅಪ್ಪನ ಮಾತು ಎರಡೇ ವರ್ಷಕ್ಕೆ ಸುಳ್ಳಾಯಿತು. ಮಾಸ್ತರರಿಗೆ ಕೆಲಸದಲ್ಲಿ ಎಷ್ಟು ಒಲವಿದೆ ಎಂದು ಅಳೆಯಲು ಲಿಂಗಸೂಗೂರಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರಂತೆ, ಅದಕ್ಕೊಂದು ಫಾರಂ ಇದೆಯಂತೆ. ಐದು ಪ್ರಶ್ನೆ, ಒಂದೊಂದಕ್ಕೆ ಹತ್ತು ಅಂಕ. ಮೂವತ್ತು ಬಂದವರ ನೌಕರಿ ಕಾಯಂ. ಶರಣರು ಕಾಯಕದ ಬಗ್ಗೆ ಅಷ್ಟೆಲ್ಲ ಹೇಳಿದರೂ ಅಂಕ ಹಾಕುವ ಗೋಜಿಗೆ ಹೋಗಲಿಲ್ಲ, ದೊಡ್ಡವರು. ನನಗೋ, ಹಂಗಾಮಿ ಮಾಸ್ತರನೆಂದು ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಕೇಳಿ ತಿಳಿದುಕೊಂಡ ಆ ಪ್ರಶ್ನೆಗಳನ್ನು ಮೊದಲು ಬೇರೆಯವರ ಮೇಲೆ ಪ್ರಯೋಗಿಸೋಣವೆಂದು, ನಾನು ಉಣ್ಣುತ್ತಿದ್ದ ಖಾನಾವಳಿಯ ಬಸಮ್ಮನನ್ನು ಹಿಡಿದೆ. ರೊಟ್ಟಿ ಬಡಿಯುವಾಗ ಎದೆ ಹಿಗ್ಗುತ್ತದೆಯೇ ಎಂದರೆ, ಹೊಗೆಗೆ ಕಣ್ಣು ಉರಿಯುತ್ತವೆ ಎಂದಳು. ರಜೆ ಬಂದರೆ ದುಃಖವಾಗುತ್ತದೆಯೇ ಎಂದರೆ, ರಜೆ ಎಲ್ಲಿ ಕೊಡುತ್ತಾರೆ ಹೇಳಿ, ಈಗಲೇ ಹೋಗುತ್ತೇನೆ ಎಂದಳು. ಕೈಬಿಚ್ಚಿ ಅಂಕ ಹಾಕಿದರೂ ಐವತ್ತಕ್ಕೆ ಐದು ಬಂತು. ಅಷ್ಟರಲ್ಲಿ ಬಡಿಯುತ್ತಿದ್ದ ರೊಟ್ಟಿಯ ಅಂಚು ಕೂದಲೆಳೆಯಷ್ಟು ಸೀಳಿತು. ಅವಳು ಅದನ್ನು ಮುದ್ದೆ ಮಾಡಿ ಮತ್ತೆ ಮೊದಲಿನಿಂದ ಬಡಿಯತೊಡಗಿದಳು. ಹಸಿದು ಕೂತಿದ್ದ ನಾನು, ಹಾಗೇ ತಿನ್ನುತ್ತಿದ್ದೆನಲ್ಲ ಎಂದೆ.

"ನೀವು ತಿಂತಿದ್ರಿ ಬಿಡ್ರಿ. ನಾ ಹ್ಯಾಂಗ ಹಾಕ್ಲಿ?"

ಸಾಹೇಬರು ಬಂದರು. ವಾರವಿಡೀ ಉತ್ತರ ಉರು ಹೊಡೆದಿದ್ದೆ. ಆದರೆ ರಜೆಯ ಮಾತು ಬಂದದ್ದೇ ತಡ, ನನ್ನ ಮುಖ ತಾನಾಗಿ ಅರಳಿಬಿಟ್ಟಿತು. ಅದಕ್ಕೆ ಮೂರೇ ಅಂಕ. ಆರು, ನಾಲ್ಕು, ಐದು, ಮೂರು, ಏಳು ಎಂದು ಬರೆದು, ಬೆರಳು ಎಣಿಸಿ ಕೂಡಿಸಿ, ಕೆಳಗೆ ಮೂವತ್ತೈದು ಎಂದು ಹಾಕಿ ಅವರು ಸಹಿಗೆ ಪೆನ್ನು ಎತ್ತಿದರು. ನೌಕರಿ ಕಾಯಂ, ಹಿಂದೆಯೇ ಲಗ್ನ. ಪೆನ್ನು ಕಾಗದ ಮುಟ್ಟುವುದರೊಳಗೆ ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ ತೆರೆದುಕೊಂಡಿತು.

"ಸಾಹೇಬ್ರ, ಕೂಡಿಸಿದ್ದು ತಪ್ಪಾಗ್ಯಾದ್ರಿ. ಇಪ್ಪತ್ತೈದು ಆಗ್ತಾವ."

ಅವರು ಮತ್ತೊಮ್ಮೆ ಕೂಡಿಸಿದರು. ಶಹಭಾಸ್ ಎಂದು ನನ್ನ ಬೆನ್ನು ತಟ್ಟಿ, ಇಪ್ಪತ್ತೈದನ್ನೇ ಬರೆದು, ಮೂರು ಗಂಟೆಯ ಬಸ್ಸಿಗೆ ಹೊರಟರು.

ಕಾಯಂ ಆಗಲು ಮತ್ತೆ ಮೂರು ವರ್ಷ ಹಿಡಿಯಿತು. ಸಾಹೇಬರು ಹೋದ ಆ ಸಂಜೆ ಬಸಮ್ಮನ ಮುಂದೆ ಅಳುವುದೊಂದು ಬಾಕಿ. ಬಾಯಿ ಮುಚ್ಚಿಕೊಂಡಿದ್ದರೆ ಈ ಹೊತ್ತಿಗೆ ಹೆಣ್ಣು ನೋಡಲು ಹೋಗುತ್ತಿದ್ದೆ ಎಂದೆ. ಅವಳು ಒಲೆಯಿಂದ ಮುಖ ಎತ್ತಲಿಲ್ಲ.

"ಹ್ಯಾಂಗ ಮುಚ್ಚಿಕೊಂಡಿರ್ತಿದ್ರಿ" ಎಂದು, ನಾನು ಕೇಳದೆಯೇ ಇನ್ನೊಂದು ರೊಟ್ಟಿ ಹಾಕಿದಳು. ತಿರುಗಿಸಿ ಮುರುಗಿಸಿ ನೋಡಿದೆ. ಅಂಚು ಎಲ್ಲಿಯೂ ಸೀಳಿರಲಿಲ್ಲ.