ಹಿಮದೊಳಗಿನ ಮರದ ಗಂಟೆ

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬುತ್ತಿರಲಿಲ್ಲ. ಪ್ರತಿ ಸಲ ಹೇಳುವಾಗಲೂ ನೆನಪು ಒಂದಿಷ್ಟು ಸೇರಿಸಿಕೊಳ್ಳುತ್ತದೆ ಎಂದು ವಾದಿಸುತ್ತಿದ್ದೆ. ಈಗಲೂ ಹಾಗೇ ಅನ್ನುತ್ತೇನೆ. ಅದಕ್ಕೇ ಅಂದು ಬರೆದಿಟ್ಟ ಡೈರಿಯನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾರ್ಚ್. ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಬಿಗ್ಗಿನ್ ಹಿಲ್ ಕಡೆ, ಸ್ನೇಹಿತರ ಗೃಹಪ್ರವೇಶವಿತ್ತು. ಅಡಿಗೆ ಮಾಡಿದ ರಾಘವಣ್ಣನನ್ನು ಈಸ್ಟ್ ಹ್ಯಾಮ್‌ಗೆ ಬಿಡಲು ನಾನು ಕಾರು ತೆಗೆದೆ. ಅವರು ಕುಂದಾಪುರದವರು, ಅರವತ್ತು ದಾಟಿದವರು, ಶುಗರ್ ಬೇರೆ. ಹಿಮಗಾಳಿ ಬರುತ್ತದೆಂದು ಬೆಳಿಗ್ಗೆಯಿಂದ ಎಚ್ಚರಿಕೆ ಇತ್ತು. ಬೇಗ ಮುಟ್ಟಬಹುದೆಂದು ಹೊಲಗಳ ನಡುವಿನ ಒಳದಾರಿ ಹಿಡಿದವನು ನಾನೇ. ಕಾರು ಹಿಮದಲ್ಲಿ ಹೂತುಹೋಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹಿಂದೆ ಒಂದು ಫಾರ್ಮ್ ಕಂಡ ಹಾಗಿತ್ತೆಂದು ಇಳಿದು ನಡೆದೆವು. ಇಪ್ಪತ್ತು ಹೆಜ್ಜೆಗೆ ಕಾರೂ ಇಲ್ಲ, ಬೇಲಿಯೂ ಇಲ್ಲ, ಎಲ್ಲ ಬಿಳಿ.

ರಾಘವಣ್ಣನ ತೆಳು ಶೂ ನೆನೆದು ಗಟ್ಟಿಯಾಗಿತ್ತು.

"ನಾನ್ ಒಂಚೂರು ಕೂಕಂತೆ. ನೀವ್ ಹೋಯ್ನಿ."

"ಕೂರಬೇಡಿ ರಾಘವಣ್ಣ, ಆಮೇಲೆ ಏಳೋಕಾಗಲ್ಲ."

"ಎಂತ ಮಾರಾಯ್ರೆ, ಬೆಳಗಿಂದ ಬಡ್ಸಿದವ ಒಂಚೂರು ಕೂಕಂಬುಕಾಗ್ದಾ?"

ಕೂತೇಬಿಟ್ಟರು. ಕಣ್ಣು ಮುಚ್ಚಿದರು. ಎಳೆದೆ, ಬೈದೆ, ಕೆನ್ನೆಗೆ ಹೊಡೆದೆ. ಮಾತು ನಿಂತಿತ್ತು. ಈ ಮನುಷ್ಯನನ್ನು ನಾನು ಕೊಂದೆ ಅನ್ನಿಸಿತು.

ಆಗ ಆ ಸದ್ದು. ಒಣಮರಕ್ಕೆ ಮರ ತಗುಲಿದ ಹಾಗೆ, ಟೊಕ್ ಟೊಕ್.

"ಟೊಕ್ ಟೊಕ್ ಅಂತಿದೆ, ಯಾರೋ ಮರ ತಟ್ತಿದಾರೆ" ಎಂದೆ. ಕೂಗಿ ಕರೆಯಲು ಬಾಯಿ ತೆರೆದೆ. ರಾಘವಣ್ಣನ ಕೈ ನನ್ನ ತೋಳನ್ನು ಹಿಡಿಯಿತು.

"ಕೂಗೂಕಾಗ! ಮರದ ಗಂಟಿ ಅದ್. ದನ ಮನಿಗ್ ಹೊರಟದ್ದ್. ಕರದ್ರೆ ನಿಂತ್ಕಂತ್. ಸುಮ್ನೆ ಹಿಂದ್ ಹೋಯ್ಕ್."

ಗುಡ್ಡಕ್ಕೆ ಮೇಯಲು ಬಿಟ್ಟ ದನಗಳ ಕೊರಳಿಗೆ ಅವರ ಊರಲ್ಲಿ ಅಂಥ ಗಂಟೆ ಕಟ್ಟುತ್ತಿದ್ದರಂತೆ. ನನ್ನ ಹೆಗಲು ಹಿಡಿದು ಎದ್ದರು. ಸದ್ದಿನ ಹಿಂದೆ, ಉಸಿರೆತ್ತದೆ ನಡೆದೆವು. ಕೊನೆಗೆ ಚಾಚಿದ ನನ್ನ ಕೈಗೆ ತಗಡಿನ ಗೋಡೆ ತಗುಲಿತು.

ಅದು ಕೊಟ್ಟಿಗೆ. ಮಧ್ಯಾಹ್ನವೆಲ್ಲ ತನ್ನ ಹಸುಗಳನ್ನು ಹುಡುಕಿ ಸೋತಿದ್ದ ಮುದುಕ ರೈತ ಬಾಗಿಲಲ್ಲಿ ನಿಂತಿದ್ದ. ಅವೂ ಆಗತಾನೇ ಬಂದಿದ್ದವು, ಬೆನ್ನ ಮೇಲೆ ಗೇಣುದ್ದ ಹಿಮ. ಒಂದರ ಕೊರಳಲ್ಲೂ ಗಂಟೆ ಇರಲಿಲ್ಲ. ತಾನು ಎಂದೂ ಕಟ್ಟಿದವನಲ್ಲ, ಗಾಳಿಗೆ ಯಾವುದೋ ಹಲಗೆ ಬಡಿದಿರಬೇಕು ಎಂದ. ನಾನೂ ಒಪ್ಪಿದೆ. ಆದರೆ ಹಲಗೆ ಇದ್ದಲ್ಲೇ ಬಡಿಯುತ್ತದೆ. ಈ ಸದ್ದು ನಮ್ಮ ಮುಂದೆ ನಡೆಯುತ್ತಿತ್ತು.

ಕೆಲವು ತಿಂಗಳುಗಳ ನಂತರ ರಾಘವಣ್ಣನ ಹತ್ತಿರ ಮಾತು ತೆಗೆದೆ. ಅವರು ನಕ್ಕರು.

"ನಂಗೆಂತದೂ ಕೇಳ್ಲಿಲ್ಲ ಮಾರಾಯ್ರೆ. ನೀವ್ ಟೊಕ್ ಟೊಕ್ ಅಂದ್ರಿ, ನಮ್ಮನಿ ಗಂಟಿ ನೆನಪಾಯ್ತ್."

ಹಾಗಾದರೆ ಕೇಳಿದವನು ನಾನೊಬ್ಬನೇ. ಬೆಂಗಳೂರಿನ ಪೇಟೆಯಲ್ಲಿ ಬೆಳೆದವನು, ಮರದ ಗಂಟೆಯ ಸದ್ದನ್ನು ಅದಕ್ಕೆ ಮೊದಲು ಕೇಳಿಯೇ ಇಲ್ಲದವನು. ಡೈರಿ ತೆಗೆದು ತೋರಿಸಿದೆ. ಅಂದು ನಾನೇ ಬರೆದ ಸಾಲು: "ಎರಡು ಪೆಟ್ಟು, ಒಂದು ಬಿಡುವು. ಮತ್ತೆ ಎರಡು."

ರಾಘವಣ್ಣನ ನಗು ನಿಂತಿತು. ಅದನ್ನು ಎರಡು ಸಲ ಓದಿದರು.

"ನಮ್ಮನಿ ದನ ಕಪ್ಲಿಗೆ ಒಂದ್ ಕಾಲ್ ಕುಂಟ್. ಅದ್ ನಡೆದ್ರೆ ಗಂಟಿ ಬಡೀತಿದ್ದದ್ದೇ ಹಾಂಗೆ" ಎಂದರು.