ದಾದರಿನ ಆಜಿಯ ಕನ್ನಡ ಪದ

ತಡ್ಕೊಳ್ರಿ, ಇದನ್ನ ಓದಿ ಆಮ್ಯಾಲೆ ಪುಟ ತಿರುವ್ರಿ!

ಮುಂಬೈಯ ದಾದರಿನ ಒಂದು ಚಾಳಿನ ಖೋಲಿಯಾಗ ಮರಾಠಿ ಹೆಂಗಸರೆಲ್ಲಾ ತಾಳ ಬಡಕೋತ ಕನ್ನಡ ಭಜನಿ ಹಾಡಾಕತ್ತಿದ್ರು! ಕೈಯಾಗ ಮರಾಠಿ ಅಕ್ಷರದಾಗ ಬರ್ಕೊಂಡ ವಹಿ, ಅಂದ್ರ ನೋಟ್‌ಬುಕ್. ಆ ಖೋಲಿ, ಗಡಿಯಾರ ರಿಪೇರಿ ಮಾಡ್ಕೋತ ಬಂದವರಿಗೆಲ್ಲಾ "ನೀ ಯಾರು?" ಅಂತ ಕೇಳ್ತಿದ್ದ ಅದ್ವೈತ ಗುರುಗಳದು. ಅವರೀಗಿಲ್ಲ. ಯೂಟ್ಯೂಬಿನಾಗ ಅವರ ಮಾತು ಕೇಳಿ ಹುಚ್ಚಾಗಿ ನಾ ಹುಡುಕ್ಕೊಂಡು ಹೋಗಿದ್ದೆ.

ನಾ ವಿಜಾಪುರದ ಕಡಿಯಾಂವ ಅಂದಕೂಡ್ಲೆ, ಗುರುಗಳ ಎಂಬತ್ತೈದರ ಶಿಷ್ಯೆ, ಅಲ್ಲೆ ಎಲ್ಲಾರೂ 'ಆಜಿ' (ಅಜ್ಜಿ) ಅನ್ನೂವಾಕಿ, ನನ್ನ ಕೈ ಗಟ್ಟಿ ಹಿಡಿದ್ರು. "ಈ ಪದ ಗುರುಗಳಿಗೆ ಅವರ ಗುರು ಕಲಿಸಿದ್ದು, ನಿಮ್ಮ ಕಡಿಯವರು. ಐವತ್ತು ವರ್ಷ ಹಾಡೇನಿ, ಅರ್ಥ ಗೊತ್ತಿಲ್ಲ. 'ಅರ್ಥ ಕೇಳ್ಕೋತ ತಿರುಗಬ್ಯಾಡ, ಅದs ಮನಿಗೆ ಬರ್ತದ' ಅಂತ ಗುರುಗಳು ಅಂದಿದ್ರು. ನೀ ಬಂದಿ. ನಾ ಹೋಗೂದ್ರಾಗ ಹೇಳು" ಅಂತ ಮರಾಠಿಯಾಗ ಅಂದ್ರು.

ಮುಂಬೈಯಾಗ ಬೆಳದಾಂವ ನಾ, ನನ್ನ ಕನ್ನಡ ಅಷ್ಟಕ್ಕಷ್ಟ. ಅಲ್ಲೇ ಆಂಟಾಪ್ ಹಿಲ್‌ನ ನಮ್ಮ ಮನಿಯಾಗ ಇದ್ದ ಅವ್ವಗ ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಇಟ್ಟೆ. ಆಜಿ ಹಾಡಿದ್ರು. ಆ ಕಡೆ ರೊಟ್ಟಿ ಬಡಿಯೂ ಸಪ್ಪಳ ನಿಂತಿತು.

"ಇಷ್ಟೂ ತಿಳಿಯಂಗಿಲ್ಲೇನಲೇ? ಯಾರನ್ನ ಹುಡುಕ್ಕೋತ ಹೊಂಟಿಯೋ, ಹುಡುಕಾಕ ಹೊಂಟಾಂವನs ಅವಾ ಅಂತ. ಲಗೂನ ಬಾ, ರೊಟ್ಟಿ ಆರಾಕತ್ತಾವ."

ಮರಾಠಿಯಾಗ ಹೇಳಿದೆ. ಆಜಿ ಕಣ್ಣೊರೆಸ್ಕೊಂಡು ನನ್ನ ಕಿವಿ ಹಿಂಡಿದ್ರು: "ವಿಜಾಪುರದಿಂದ ಬರಾಕ ಐವತ್ತು ವರ್ಷ ಏನೋ? ಲೋಕಲ್ ಲೇಟ್ ಇತ್ತೇನು?" ಮತ್ತ ಹಾಡಿದ್ರು, ಈ ಸಲ ವಹಿ ಮುಚ್ಚಿಟ್ಟು.

ನೂರಾರು ವಿಡಿಯೋ ನೋಡಿದಾಂವ ನಾ. ಅಡಗಿಮನಿಯಾಗ ಕುಂತು ಒಂದs ಮಾತಿನಾಗ ಹೇಳಿದಾಕಿ ನಮ್ಮವ್ವ! ಎದಿ ಉಬ್ಬಿ ಬಂತು. ನಿಮ್ಮೂರಿನ ಪದ ಬ್ಯಾರೆಯವರ ಬಾಯಾಗ ಕೇಳೀರೇನು? ಬರದು ಕಳಿಸ್ರಿ, ಅವ್ವಗ ಓದಿ ಹೇಳ್ತೀನಿ.