ಕುರುಗೋಡಿನಲ್ಲಿ ಕಾದ ಇಂಜಿನ್

ಪೆಟ್ರೋಲ್ ಸಿಗದ ಯುದ್ಧದ ಕಾಲದಲ್ಲಿ ಸಿರುಗುಪ್ಪದಿಂದ ಬಳ್ಳಾರಿಗೆ ಇದ್ದಿಲು ಗ್ಯಾಸಿನ ಬಸ್ಸು ಓಡಿಸುತ್ತಿದ್ದ ಡ್ರೈವರನಿಗೆ ದಾರಿಯ ಖಾನಾವಳಿಗಳೆಲ್ಲ ಬಾಯಿಪಾಠ. ಎಲ್ಲಿ ಇಳಿದರೂ ಆತ ಮೊದಲು ಒಂದು ತಂಬಿಗೆ ನೀರು ಕುಡಿಯುತ್ತಿದ್ದ. ನೀರು ಉಪ್ಪುಪ್ಪಾಗಿ ಸವುಳಾಗಿದ್ದರೆ ತಂಬಿಗೆ ತಿರುಗಿ ಕೊಟ್ಟು, ಮುಂದಿನ ಖಾನಾವಳಿಗೆಂದು ಗಾಡಿ ಹತ್ತುತ್ತಿದ್ದ. "ನೀರು ಚಲೋ ಇಲ್ಲಂದ್ರ ಬ್ಯಾಳಿ ಬೇಯಂಗಿಲ್ರಿ" ಎಂಬುದು ಆತನ ಮಾತು. ಹಸಿದ ನಮಗೆ ಸಿಟ್ಟು ಬರುತ್ತಿತ್ತು. ಆದರೆ ಆತ ನಿಲ್ಲಿಸಿದಲ್ಲಿ ಉಂಡ ಊಟ ಇಂದಿಗೂ ನಾಲಿಗೆಯ ಮೇಲಿದೆ.

ಒಮ್ಮೆ ಅವ್ವನನ್ನು ಕರೆದುಕೊಂಡು ನಸುಕಿನ ಬಸ್ಸು ಹತ್ತಿದ್ದೆ. ಅವಳ ಸ್ನಾನ, ಲಿಂಗಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವಳು ಹನಿ ನೀರೂ ಮುಟ್ಟುವವಳಲ್ಲ. ಬಸ್ಸು ತೆವಳುತ್ತ ಕುರುಗೋಡು ಸೇರುವಷ್ಟರಲ್ಲಿ ಮಧ್ಯಾಹ್ನವಾಗಿ, ಅವ್ವ ಕಣ್ಣು ಮುಚ್ಚಿ ನನ್ನ ಹೆಗಲಿಗೆ ಒರಗಿದ್ದಳು. ಡ್ರೈವರ್ ನೀಡಿದ ತಂಬಿಗೆಗೂ ಕೈ ಚಾಚಲಿಲ್ಲ.

"ಯವ್ವಾ, ಪೂಜಿ ಆಗಿಲ್ಲೇನು?"

"ಇಲ್ಲಪ್ಪಾ. ಬಳ್ಳಾರಿಗೆ ಹೋಗಿ ಮಾಡ್ಕೋತೀನಿ."

ಆತ ಖಾನಾವಳಿಯ ಹೆಂಗಸಿನ ಬಳಿ ಏನೋ ಹೇಳಿ ಬಂದು ಬಾನೆಟ್ ಎತ್ತಿದ. "ಇಂಜಿನ್ ಕಾದೈತ್ರಿ. ಆರಾಕ ತಾಸು ಬೇಕು" ಎಂದು ಎಲ್ಲರಿಗೂ ಕೇಳುವಂತೆ ಕೂಗಿದ. ಉಂಡು ಮುಗಿಸಿದವರು ಗೊಣಗಿದರು. ಕೋರ್ಟಿಗೆ ಹೊರಟಿದ್ದವರೊಬ್ಬರು ಬೈದೇ ಬೈದರು. ಆತ ರೇಡಿಯೇಟರಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಲೇ ಇದ್ದ.

ಖಾನಾವಳಿಯ ಹೆಂಗಸು ಅವ್ವನನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲಿನ ಬಾವಿಯ ನೀರಲ್ಲಿ ಮಿಂದು, ಪೂಜೆ ಮುಗಿಸಿ, ಅವ್ವ ಪುಂಡಿಪಲ್ಯದೊಡನೆ ಎರಡು ಬಿಸಿ ರೊಟ್ಟಿ ತಿಂದಳು. ಅವಳ ಮುಖಕ್ಕೆ ಕಳೆ ಬಂತು. ನನಗೂ ಹೋದ ಜೀವ ಬಂತು.

ಅವಳು ಕೈ ತೊಳೆದದ್ದನ್ನು ನೋಡಿ ಆತ ಬಾನೆಟ್ ಮುಚ್ಚಿದ.

"ಇಂಜಿನ್ ಆರೈತಿ, ಹತ್ರಿ."